ಪಾದರಸ ಮೈ ಬಿಡುವ ತನಕ

ಪಾದರಸ ಮನುಷ್ಯನ ಮೈಯಲ್ಲಿ ಎಷ್ಟು ದಿನ ಉಳಿಯುತ್ತದೆ? ನಮ್ಮ ಕಡೆ ಇದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಹುಬ್ಬಳ್ಳಿಯ ಡಾಕ್ಟರಮ್ಮ ಹೇಳಿದ್ದು ಬೇರೆ, ನನ್ನ ಅತ್ತೆ ಹೇಳಿದ್ದು ಬೇರೆ, ರೋಣದಲ್ಲಿರುವ ನನ್ನ ಗಂಡನ ಸೋದರಮಾವ ಹೇಳಿದ್ದಂತೂ ಕೇಳಲೇಬೇಡಿ. ಡಾಕ್ಟರಮ್ಮ ರಕ್ತ ನೋಡಿ ಹೇಳಿದರು. ಉಳಿದಿಬ್ಬರು, ನನ್ನನ್ನು ತಿರುಗಿ ಗಂಡನ ಮನೆಗೆ ಸಾಗಹಾಕಲು ಎಷ್ಟು ಬೇಕೋ ಅಷ್ಟು ದಿನ ಹೇಳಿದರು. ಆಗ ನಾನು ಆ ಮನೆಗೆ ಹೋಗಬೇಕೋ ಬೇಡವೋ ಎನ್ನುವುದು ಗಂಡನ ಮೈಯೊಳಗಿನ ಪಾದರಸದ ಮೇಲೆ ನಿಂತಿತ್ತು. ನನ್ನನ್ನು ಕೇಳಿದವರು ಕಡಿಮೆ.

ನಾನು ನರೇಗಲ್ಲಿನವಳು. ನಮ್ಮಪ್ಪನದು ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್, ಮೋಟಾರ್‌ಸೈಕಲ್ ರಿಪೇರಿ ಅಂಗಡಿ. ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದು. ಸಾಲಿಗೆ ಹೋಗುತ್ತಿದ್ದಾಗ ಜಡೆ ಎಳೆದವನ ಕಿವಿ ಕಚ್ಚಿ ರಕ್ತ ಬರಿಸಿದವಳು ಎಂದು ಓಣಿಯಲ್ಲಿ ಇವತ್ತಿಗೂ ನನ್ನ ಗುರುತು ಹೇಳುತ್ತಾರೆ. ಮದುವೆಯಾಗಿ ಗಜೇಂದ್ರಗಡಕ್ಕೆ, ನೇಕಾರರ ಮನೆಗೆ ಹೊರಟಾಗ ಅವ್ವ ಅತ್ತದ್ದು ನನ್ನ ಸಲುವಾಗಿ ಅಲ್ಲ, ಆ ಮನೆಯವರ ಸಲುವಾಗಿ ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ. ಆದರೆ ಆ ಮನೆಯಲ್ಲಿ ನನಗೆ ಸಿಟ್ಟು ಮಾಡುವ ಪ್ರಸಂಗವೇ ಮೊದಲ ಮೂರು ವರ್ಷ ಬರಲಿಲ್ಲ.

ಮನೆಯಲ್ಲಿ ಮೂವರೇ. ಅತ್ತೆ, ಗಂಡ, ನಾನು. ಪಡಸಾಲೆಯ ತುಂಬ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಅವನು ಸೀರೆ ನೇಯುತ್ತಿದ್ದ, ನಾನು ರಾಟೆ ತಿರುಗಿಸಿ ಲಾಳಿಗೆ ಹಾಕುವ ಅಡ್ಡನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದೆ. ಅವನೇನು ದೇವರಂಥ ಮನುಷ್ಯನಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ತಾಟು ಸರಿಸಿ ಎದ್ದು ಹೋಗುವವನು, ಎರಡು ದಿನ ಮಾತು ಬಿಡುವವನು. ಆದರೆ ಕೈ ಎತ್ತಿದವನಲ್ಲ. ಸಾಯಂಕಾಲ ಮಗ್ಗ ಬಿಟ್ಟು ಎದ್ದಮೇಲೆ ನನ್ನ ಕೈಯಿಂದ ರಾಟೆ ಕಸಿದುಕೊಂಡು ತಾನೇ ತಿರುಗಿಸಿ, ಎಳೆ ಸಿಕ್ಕು ಮಾಡಿ, ಬೈಸಿಕೊಂಡು ನಗುತ್ತಿದ್ದ. ಇದನ್ನು ಯಾಕೆ ಬರೆಯುತ್ತೇನೆಂದರೆ, ಅವನು ನಗುತ್ತಿದ್ದ ಎನ್ನುವುದನ್ನು ನಾನು ಸುಳ್ಳು ಮಾಡಲಾರೆ.

ಅಸೂಟಿಯಲ್ಲಿ ಅವರದೊಂದು ತುಂಡು ಎರೆಹೊಲ. ಪಾಲಿಗೆ ಕೊಟ್ಟಿದ್ದರು, ವರ್ಷಕ್ಕೆ ಮನೆಗೆ ಸಾಕಾಗುವಷ್ಟು ಬಿಳಿಜೋಳ ಬರುತ್ತಿತ್ತು. ಜೋಳಕ್ಕೆ ಹುಳ ಬೀಳದಂತೆ ಅತ್ತೆ ತನ್ನ ಅತ್ತೆ ಮಾಡುತ್ತಿದ್ದ ಹಾಗೆ ಒಲೆಯ ಬೂದಿ ತಿಕ್ಕಿ, ಬೇವಿನ ಸೊಪ್ಪು ಹಾಕಿ ಚೀಲ ಹೊಲಿಯುತ್ತಿದ್ದಳು. ಆದರೂ ನನ್ನ ಮದುವೆಯಾದ ಮೂರನೆಯ ವರ್ಷ ಅರ್ಧ ಜೋಳ ಹುಳ ಹಿಡಿದು ಹಿಟ್ಟಾಗಿತ್ತು. ಮರುವರ್ಷ ಸಂತೆಯಲ್ಲಿ ಯಾರೋ ಪಾದರಸದ ಗುಳಿಗೆ ಮಾರುತ್ತಿದ್ದ, ಒಂದು ಪೊಟ್ಟಣ ತಂದೆವು. ಬೂದಿಬಣ್ಣದ, ದೊಡ್ಡ ಬಟಾಣಿಯಷ್ಟು ದಪ್ಪದ ಗುಳಿಗೆ. ಅದನ್ನು ಅರಿವೆಯಲ್ಲಿ ಗಂಟು ಕಟ್ಟಿ ಚೀಲದ ನಡುವೆ ಇಡಬೇಕು, ಕಾಳು ತೆಗೆಯುವಾಗ ಗಂಟನ್ನು ತೆಗೆದಿಡಬೇಕು. ಎಷ್ಟೋ ಮನೆಗಳಲ್ಲಿ ತೊಗರಿಬೇಳೆಗೆ, ಅಕ್ಕಿಗೆ ಹಾಗೆ ಇಡುತ್ತಿದ್ದರು.

ಅತ್ತೆಗೆ ಗಂಟು ಕಟ್ಟುವುದು ಒಪ್ಪಿಗೆಯಾಗಲಿಲ್ಲ. "ಗಂಟ ಕಟ್ಟಿ ಇಟ್ರ ಹುಳಕ್ಕ ಹತ್ತೂದು ಹ್ಯಾಂಗ? ಕಾಳಿಗೆ ಹತ್ತಬೇಕು" ಎಂದಳು. ಇಡೀ ಪೊಟ್ಟಣದ ಗುಳಿಗೆಗಳನ್ನು ಕಲ್ಲಿನಲ್ಲಿ ಕುಟ್ಟಿ ಪುಡಿಮಾಡಿ, ಬೂದಿಯ ಜೊತೆ ಬೆರೆಸಿ, ಪಡಸಾಲೆಯಲ್ಲಿ ಜೋಳ ಹರವಿ ಎರಡೂ ಕೈಯಿಂದ ಚೆನ್ನಾಗಿ ತಿಕ್ಕಿದಳು. ಕಾಳಿಗೆ ಏನನ್ನಾದರೂ ಹಚ್ಚುವುದೆಂದರೆ ತಿಕ್ಕುವುದು ಎಂದೇ ಅವಳಿಗೆ ಗೊತ್ತಿದ್ದದ್ದು. ನಾನು ಚೀಲದ ಬಾಯಿ ಹಿಡಿದು ನಿಂತಿದ್ದೆ, ನನಗೂ ಅದು ಸರಿಯಾಗಿಯೇ ಕಂಡಿತು.

ಬೇರೆ ಕಾಳಾಗಿದ್ದರೆ ಇಷ್ಟಾಗುತ್ತಿರಲಿಲ್ಲವೋ ಏನೋ. ಅಕ್ಕಿ ತೊಳೆದು ಇಡುತ್ತೇವೆ, ಬೇಳೆ ತೊಳೆದು ಬೇಯಿಸುತ್ತೇವೆ. ಜೋಳವನ್ನು ತೊಳೆಯುವುದಿಲ್ಲ. ತೊಳೆದ ಜೋಳದ ಹಿಟ್ಟು ಮುಗ್ಗಲು ಹಿಡಿಯುತ್ತದೆ, ರೊಟ್ಟಿ ಹರಿಯುತ್ತದೆ. ಮೊರದಲ್ಲಿ ಕೇರಿ, ಕಲ್ಲು ಆರಿಸಿ, ನೇರ ಗಿರಣಿಗೆ. ಆ ಬೂದಿ, ಆ ಪುಡಿ ಎಲ್ಲ ಕಾಳಿನ ಜೊತೆಗೇ ಬೀಸಿ ಹಿಟ್ಟಾಗಿ ಬಂತು. ಬಂದ ಹಿಟ್ಟನ್ನು ನಾದಿ, ಬಡಿದು, ಕಾದ ಹಂಚಿನ ಮೇಲೆ ಹಾಕಿದವಳು ನಾನು. ಮೂವರೂ ಎರಡು ಹೊತ್ತು ತಿಂದೆವು. ಹುಳವಂತೂ ಒಂದೂ ಬೀಳಲಿಲ್ಲ. ಅತ್ತೆ ನೆರೆಹೊರೆಗೆಲ್ಲ ಹೇಳಿಕೊಂಡು ಬಂದಳು.

ಮೊದಲು ನನ್ನ ಬಾಯಿಯ ರುಚಿ ಕೆಟ್ಟಿತು. ಏನು ತಿಂದರೂ ಹಳೆಯ ತಾಮ್ರದ ತಂಬಿಗೆ ನೆಕ್ಕಿದ ಹಾಗೆ. ಒಸಡು ಬಾತುಕೊಂಡು ಹಲ್ಲುಜ್ಜಿದರೆ ರಕ್ತ. ಆಮೇಲೆ ನಿದ್ದೆ ಹೋಯಿತು. ಸಣ್ಣ ಸಣ್ಣದಕ್ಕೂ ಅಳು ಬರುತ್ತಿತ್ತು, ಅತ್ತು ಮುಗಿಯುವುದರೊಳಗೆ ಸಿಟ್ಟು ಬರುತ್ತಿತ್ತು. ಕಂಡಿಕೆ ಸುತ್ತುವಾಗ ಬೆರಳು ನಡುಗಿ ಎಳೆ ಜಾರುತ್ತಿತ್ತು. ಅವನಿಗೆ ಮಗ್ಗದ ಮೇಲೆ ಕೈ ನಡುಗಲು ಶುರುವಾಯಿತು. ಸೀರೆಯ ಅಂಚು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಹದಿನಾರನೆಯ ವಯಸ್ಸಿನಿಂದ ಅಂಚು ತಪ್ಪದ ನೇಕಾರನಿಗೆ ಅದು ಎಂಥ ನಾಚಿಕೆ ಎನ್ನುವುದು ನೇಕಾರರ ಮನೆಯಲ್ಲಿ ಬಾಳಿದವರಿಗೇ ಗೊತ್ತು. ಅತ್ತೆಗೂ ಬಾಯಿಹುಣ್ಣಾಗಿತ್ತು, ಆದರೆ ಅವಳು ತಿನ್ನುತ್ತಿದ್ದುದೇ ಅರ್ಧ ರೊಟ್ಟಿ.

ಒಂದು ದಿನ ಮಧ್ಯಾಹ್ನ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆ ಮೇಲಿಂದ ಮೇಲೆ ಹರಿಯಿತು. ಅವನು ಕುಣಿಯಲ್ಲಿ ಕೂತಲ್ಲಿಂದಲೇ, ನೀನು ಕಂಡಿಕೆ ಸಡಿಲ ಸುತ್ತಿದ್ದರಿಂದ ಹೀಗಾಯಿತು ಎಂದ. ಹಾಸಿನ ಎಳೆಗೂ ನನ್ನ ಕಂಡಿಕೆಗೂ ಏನು ಸಂಬಂಧ ಎಂದು ನಾನು ತಿರುಗಿ ಕೇಳಿದೆ. ಕೈಯಲ್ಲಿದ್ದ ಲಾಳಿಯನ್ನು ನನ್ನ ಮುಖಕ್ಕೆ ಎಸೆದ. ಲಾಳಿಯ ತುದಿಗೆ ಕಬ್ಬಿಣದ ಮೊನೆ ಇರುತ್ತದೆ. ಹುಬ್ಬಿನ ಮೇಲೆ ಹರಿದು ಕಣ್ಣಿನ ತುಂಬ ರಕ್ತ ಇಳಿಯಿತು. ನಾನು ಅದೇ ಲಾಳಿಯನ್ನು ಎತ್ತಿಕೊಂಡು ಅಂಗಳಕ್ಕೆ ಬೀಸಿ ಒಗೆದೆ. ಅತ್ತೆ ಅರಿಷಿಣ ಒತ್ತುತ್ತ, ಇಬ್ಬರಿಗೂ ಯಾರದೋ ಕಣ್ಣು ಹತ್ತಿದೆ ಎಂದು ಗೊಣಗಿದಳು. ಅವನು ಸಂಜೆ ನನ್ನ ಕಾಲ ಹತ್ತಿರ ಕೂತು ಅತ್ತ.

ಆಮೇಲೆ ಅಳುವುದು ನಿಂತಿತು, ಹೊಡೆಯುವುದು ನಿಲ್ಲಲಿಲ್ಲ. ರಾಟೆಯ ಹಿಡಿ ಮುರಿಯಿತು. ನೀರಿನ ಹರವಿ ಒಡೆಯಿತು. ಚಹದ ಕಪ್ಪು ಗೋಡೆಗೆ ಬಡಿದು ಬಡಿದು ಕಡೆಗೆ ಸ್ಟೀಲಿನ ಲೋಟ ತಂದೆವು. ನನ್ನ ಬೆನ್ನು, ತೋಳು, ಕಿವಿಯ ಹಿಂದಿನ ಎಲುಬು, ಎಲ್ಲಿ ಬಿದ್ದರೆ ಅಲ್ಲಿ. ನಾನು ಸುಮ್ಮನೆ ಹೊಡೆಸಿಕೊಂಡವಳಲ್ಲ. ಬಾಯಿಗೆ ಬಂದಂತೆ ಬೈದೆ, ಪರಚಿದೆ, ಒಮ್ಮೆ ಅವನ ಅಂಗೈ ಕಚ್ಚಿದೆ. ಆದರೆ ನಾನು ಪರಚಿದ್ದು ಕೊರಳಿಗೆ ಬಿದ್ದ ಕೈ ಬಿಡಿಸಿಕೊಳ್ಳಲು.

ನರಗುಂದದಲ್ಲಿ ಅವರ ಪೈಕಿ ಒಂದು ಮದುವೆ. ಅಲ್ಲಿಗೆ ಇವರಿಗೆ ನೂಲು ಕೊಟ್ಟು ಸೀರೆ ಒಯ್ಯುವ ಸಾವಕಾರನೂ ಬಂದಿದ್ದ. ಊಟದ ಪಂಕ್ತಿಯಲ್ಲಿ, ಹತ್ತು ಮಂದಿಯ ಎದುರಿಗೆ, ಇತ್ತೀಚೆಗೆ ನಿನ್ನ ಅಂಚು ಕುಡುಕನ ಕಾಲಿನಂತೆ ಬರುತ್ತಿದೆ, ಹೀಗಾದರೆ ನೂಲು ಕೊಡುವುದಿಲ್ಲ ಎಂದು ಸಾವಕಾರ ಅಂದ. ಸುತ್ತಲಿನವರು ನಕ್ಕರು. ಈಗ ಇವನು ಎಲೆ ಎತ್ತಿ ಸಾವಕಾರನ ಮೋರೆಗೆ ಬಡಿಯುತ್ತಾನೆ ಎಂದು ಕೈ ಹಿಡಿಯಲು ಹೋದೆ. ಅವನು ಎದ್ದು ನಿಂತು ಎರಡೂ ಕೈ ಜೋಡಿಸಿ, ತಪ್ಪಾಯಿತು, ಮುಂದಿನ ಸಲ ಸರಿಮಾಡಿ ಕೊಡುತ್ತೇನೆ ಎಂದ. ತಿರುಗಿ ಬರುವಾಗ ಬಸ್‌ಸ್ಟ್ಯಾಂಡಿನ ಹಿಂದುಗಡೆ, ಕಬ್ಬಿನ ಹಾಲಿನ ಗಾಡಿಯ ಮರೆಯಲ್ಲಿ, ನನ್ನ ತಲೆಯನ್ನು ಗೋಡೆಗೆ ಬಡಿದ. ನಾನು ಸಾವಕಾರನ ಮುಂದೆ ನಕ್ಕೆನಂತೆ. ಬಸ್ಸಿನಲ್ಲಿ ಸೆರಗು ಹೊದ್ದು ಕೂತು ಬಂದೆ.

ಮಂದಿ ತಮಗೆ ತಿಳಿದ ಔಷಧ ಮಾಡಿದರು. ಗಾಳಿ ಸೋಂಕು ಎಂದರು. ಇಟಗಿಗೆ ಹೋಗಿ ಭೀಮಾಂಬಿಕೆಗೆ ಹರಕೆ ಕಟ್ಟಿಕೊಂಡು ಬಂದೆವು. ಗುಡಿಯಲ್ಲಿ ಕೂತಷ್ಟು ಹೊತ್ತು ಅವನು ಮೆತ್ತಗೆ ಕೂತಿದ್ದ. ಅತ್ತೆ ಕಣ್ಣು ಒರೆಸಿಕೊಂಡು, ನೋಡು, ತಾಯಿ ಹಿಡಿದಳು ಎಂದಳು. ಬರುವಾಗ ಪ್ರಸಾದವೆಂದು ಅಲ್ಲಿಂದ ಎರಡು ಕಾಯಿ ತಂದೆವು. ಮನೆಗೆ ಬಂದಮೇಲೆ ಊಟಕ್ಕೆ ಅದೇ ಜೋಳದ ರೊಟ್ಟಿ.

ನನ್ನ ಕೈ ಮುರಿದ ದಿನ ಶ್ರಾವಣದ ಮಳೆ ಹಿಡಿದಿತ್ತು. ಬೆಳಗಿನ ರೊಟ್ಟಿ ಆಗಿತ್ತು. ಸಾವಕಾರ ಒಂದು ಸೀರೆ ತಿರುಗಿ ಕಳಿಸಿದ್ದ. ಅವನು ಅದನ್ನು ಮಡಿಕೆ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದ. ನಾನು, ಇವತ್ತು ಮಗ್ಗಕ್ಕೆ ಕೂಡಬೇಡ, ನನ್ನ ಕೈಯೂ ನಡುಗುತ್ತಿದೆ, ಇಬ್ಬರೂ ದವಾಖಾನೆಗೆ ಹೋಗೋಣ ಎಂದೆ. ಅಷ್ಟೇ ಅಂದದ್ದು. ಹಾಸು ಸುತ್ತುವ ಕೋಲು ಗೋಡೆಗೆ ಆನಿಸಿತ್ತು. ಮೊದಲ ಏಟು ಹೆಗಲಿಗೆ, ಎರಡನೆಯದು ತಲೆಗೆ ಬರುತ್ತಿತ್ತು. ಎಡಗೈ ಅಡ್ಡ ತಂದೆ. ಒಣಗಿದ ಜೋಳದ ದಂಟು ಮುರಿದ ಹಾಗೆ ಸಪ್ಪಳವಾಯಿತು. ಮೊಣಕೈಯಿಂದ ಕೆಳಗೆ ಕೈ ತಿರುಗಬಾರದ ದಿಕ್ಕಿಗೆ ತಿರುಗಿ ನಿಂತದ್ದು ಕಂಡಿತು. ಅವನಿಗೂ ಕಂಡಿತು. ಆದರೂ ಮತ್ತೆ ಕೋಲು ಎತ್ತಿದ.

ನಮ್ಮೆದುರಿಗೆ ಮುಸ್ಲಿಮರ ಮನೆ, ಎತ್ತುಗಳಿಗೆ ಲಾಳ ಕಟ್ಟುವವರದು. ಆ ಮನೆಯ ಯಜಮಾನಿ ನಮ್ಮವ್ವನ ವಯಸ್ಸಿನವಳು. ಒಗೆಯಲು ಇಟ್ಟಿದ್ದ ಸಬಕಾರದ ನೀರಿನ ಬಕೆಟ್ಟು ಎತ್ತಿಕೊಂಡು ಬಂದವಳೇ ಅವನ ಮುಖಕ್ಕೆ ಹೊಡೆದಂತೆ ಸುರಿದಳು, ನಾಯಿಜಗಳ ಬಿಡಿಸುವವರ ಹಾಗೆ. ಅವನು ಕಣ್ಣು ತಿಕ್ಕಿಕೊಳ್ಳುವುದರೊಳಗೆ ಖಾಲಿ ಬಕೆಟ್ಟಿನಿಂದ ಅವನ ಮೊಣಕಾಲಿಗೆ ಎರಡು ಬಿಗಿದಳು. ಕೋಲು ಕೆಳಗೆ ಬಿತ್ತು. "ಇನ್ನೊಂದು ಹಾಕಿದ್ರ ಹೆಣ ಬೀಳ್ತಾಳ ಆಕಿ. ಸರಿ ಅತ್ತಾಗ" ಎಂದು ನನ್ನನ್ನು ತನ್ನ ಮನೆಗೆ ಎಳೆದುಕೊಂಡು ಹೋದಳು. ಅತ್ತೆ ಒಲೆಯ ಹತ್ತಿರ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಕೈಯ ಎಲುಬು ಎರಡು ಕಡೆ ಮುರಿದಿತ್ತು. ಅಪ್ಪ ನರೇಗಲ್ಲಿನಿಂದ ಓಡಿ ಬಂದು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಸೇರಿಸಿದ. ಅಲ್ಲಿಯ ಡಾಕ್ಟರಮ್ಮ ಕಡಲ ದಂಡೆಯ ಕಡೆಯವರು. ಅವರು ಮುರಿದ ಕೈಗಿಂತ ಹೆಚ್ಚು ಹೊತ್ತು ನನ್ನ ಇನ್ನೊಂದು ಕೈ ನೋಡಿದರು. ಬೆರಳು ಚಾಚಿಸಿದರು, ನಡುಕ ನೋಡಿದರು, ಬಾಯಿ ತೆರೆಸಿ ಒಸಡು ನೋಡಿದರು. ನಿದ್ದೆ, ಸಿಟ್ಟು, ಅಳು ಎಲ್ಲ ಕೇಳಿದರು. ಗಂಡನಿಗೂ ಹೀಗೆಯೇ ಎಂದಾಗ ಅವರ ಮುಖ ಬಿಗಿಯಾಯಿತು. ರಕ್ತ, ಮೂತ್ರ ತೆಗೆದು ಕಳಿಸಿದರು, ಗಂಡನನ್ನೂ ಅತ್ತೆಯನ್ನೂ ಕರೆಸಿ ಅವರದೂ ತೆಗೆಸಿದರು.

ಫಲಿತಾಂಶ ಬಂದ ದಿನ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದರು. ಮೂವರ ಮೈಯಲ್ಲೂ ಪಾದರಸವಿದೆ ಎಂದರು. "ನಮ್ಮೂರಿನವರಾಗಿದ್ದರೆ ಯಾವ ಮೀನು ತಿಂದಿರಿ ಅಂತ ಕೇಳುತ್ತಿದ್ದೆ. ನಿಮಗೆ ಸಮುದ್ರವೂ ಇಲ್ಲ, ಹೊಳೆಯೂ ಇಲ್ಲ. ಎಲ್ಲಿಂದ ಬಂತು?" ಎಂದು ಕೇಳಿದರು. ಅತ್ತೆ, ಜೋಳಕ್ಕೆ ಹಚ್ಚಿದ್ದೆ ಎಂದಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಆಮೇಲೆ ನಿಧಾನವಾಗಿ ತಿಳಿಸಿದರು. ಮೊದಲ ಔಷಧವೆಂದರೆ ಆ ಜೋಳ ಬಿಡುವುದು, ಆ ಮನೆಯ ಹಿಟ್ಟು, ಬೂದಿ, ಚೀಲ ಎಲ್ಲ ತೆಗೆಸುವುದು. ಒಂದಿಷ್ಟು ಮಾತ್ರೆ ಕೊಡುತ್ತೇವೆ, ಉಳಿದದ್ದನ್ನು ಮೈಯೇ ಹೊರಗೆ ಹಾಕುತ್ತದೆ. ಎಷ್ಟು ದಿನಕ್ಕೆ ಎಂದು ಅಪ್ಪ ಕೇಳಿದ. "ಒಂದು ರೊಟ್ಟಿ ಅಂತ ತಿಳಿದುಕೊಳ್ಳಿ. ಸುಮಾರು ಎರಡು ತಿಂಗಳಿಗೆ ಅರ್ಧ ಹೋಗಿ ಅರ್ಧ ಉಳಿಯುತ್ತದೆ. ಇನ್ನೆರಡು ತಿಂಗಳಿಗೆ ಆ ಅರ್ಧದಲ್ಲಿ ಅರ್ಧ. ಹೀಗೇ ಸಣ್ಣದಾಗುತ್ತ ಹೋಗುತ್ತದೆ. ವರ್ಷದ ಹೊತ್ತಿಗೆ ಚೂರುಪಾರು" ಎಂದರು. ಮೆದುಳಿಗೆ ಸೇರಿದ್ದು ಮಾತ್ರ ಇನ್ನೂ ನಿಧಾನ, ಅದನ್ನು ರಕ್ತದಲ್ಲಿ ನೋಡಿ ಇಂತಿಷ್ಟೇ ಎಂದು ಹೇಳಲು ಬರುವುದಿಲ್ಲ ಎಂದೂ ಸೇರಿಸಿದರು. ಪಾದರಸ ಹೀಗೆ ಸೇರಿದರೆ ಮನುಷ್ಯ ಸಿಡುಕನಾಗುತ್ತಾನೆ, ನಾಚಿಕೆ ಅಂಜಿಕೆ ಹೆಚ್ಚುತ್ತವೆ, ಕೈ ನಡುಗುತ್ತದೆ ಎಂದರು.

ಮೂವರಲ್ಲಿ ಯಾರಿಗೆ ಹೆಚ್ಚು ಎಂದು ಕೇಳಿದವಳು ನಾನು. ನನಗೇ ಹೆಚ್ಚಂತೆ. ಗಂಡ ತಿಂದದ್ದು ಮಾತ್ರ, ನಾನು ತಿಂದದ್ದರ ಜೊತೆಗೆ ಉಸಿರಿನಿಂದಲೂ ತೆಗೆದುಕೊಂಡಿದ್ದೆ. ಕಾದ ಹಂಚಿಗೆ ಹಿಟ್ಟು ಬಿದ್ದಾಗ ಪಾದರಸ ಹಬೆಯಾಗಿ ಏಳುತ್ತದೆ, ಒಲೆಯ ಮುಂದೆ ಕೂತವರ ಮೂಗಿಗೆ ಮೊದಲು ಹೋಗುತ್ತದೆ. ಆ ಮಾತನ್ನು ಕೋಣೆಯಲ್ಲಿ ಎಲ್ಲರೂ ಕೇಳಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಹೊತ್ತಿಗೆ ನಾನೂ ಹಾಕಿಕೊಳ್ಳಲಿಲ್ಲ.

ಯಾಕೆಂದರೆ ಖರೇ ಹೇಳಬೇಕೆಂದರೆ ನನಗೆ ಸಂತೋಷವಾಗಿತ್ತು. ಬ್ಯಾಂಡೇಜು ಸುತ್ತಿದ ಕೈ ಕೊರಳಿಗೆ ಕಟ್ಟಿಕೊಂಡು, ಆ ಕೋಣೆಯಲ್ಲಿ ಕೂತು, ಒಂದು ವರ್ಷದಲ್ಲಿ ಮೊದಲ ಸಲ ಮನಸ್ಸು ಹಗುರಾಯಿತು. ನನ್ನ ಗಂಡ ಕೆಟ್ಟವನಲ್ಲ. ಹೊರಗಿನಿಂದ ಏನೋ ಬಂದು ಸೇರಿದೆ, ಅದು ಹೊರಗೆ ಹೋಗುತ್ತದೆ, ರಾಟೆ ಕಸಿದುಕೊಂಡು ನಗುವವನು ತಿರುಗಿ ಬರುತ್ತಾನೆ. ಕಾರಿಡಾರಿನಲ್ಲಿ ಅವನು ನನ್ನ ಸರಿಯಿದ್ದ ಕೈ ಹಿಡಿದ. ಎರಡೂ ಕೈ ಕೂಡಿ ನಡುಗುತ್ತಿದ್ದವು. ನಾನು ಬಿಡಿಸಿಕೊಳ್ಳಲಿಲ್ಲ.

ನನಗಿಂತ ಹೆಚ್ಚು ಸಂತೋಷವಾದದ್ದು ರೋಣದ ಮಾವನಿಗೆ. ಅತ್ತೆಯ ತಮ್ಮ ಆತ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು, ಪಕ್ಕದಲ್ಲಿ ಕೂತವರ ಜೊತೆಗೂ ಕಡೆಯ ಸೀಟಿಗೆ ಕೇಳುವಂತೆಯೇ ಮಾತಾಡುತ್ತಾನೆ. ಎಲುಬು ಕೂಡುವ ತನಕ ನಾನು ನರೇಗಲ್ಲಿನಲ್ಲಿ ಇರುವುದೆಂದು ಆಗಿತ್ತು. ಆತ ಅಲ್ಲಿಗೇ ಬಂದು ನಮ್ಮ ಕಟ್ಟೆಯ ಮೇಲೆ ಕೂತು, ಇಡೀ ಓಣಿಗೆ ಕೇಳುವಂತೆ ತೀರ್ಪು ಕೊಟ್ಟ. "ಹೊಡದಾಂವ ಅವ ಅಲ್ಲವಾ, ಪಾದರಸ ಹೊಡದೈತಿ. ಅದು ಮೈ ಬಿಟ್ಟಿಂದ ನಿನ್ನ ಗಂಡ ನಿನಗ ಸಿಗತಾನ. ಅಲ್ಲೀ ತನಕ ತಡಕೋ." ಅಪ್ಪ ತಲೆಯಾಡಿಸಿದ. ನಮ್ಮಪ್ಪ ಜಗಳವೆಂದರೆ ಅಂಗಡಿಯ ಷಟರ್ ಇಳಿಸಿ ಒಳಗೆ ಕೂಡುವವನು, ಮಗಳ ಸಂಸಾರ ಒಡೆಯಲಿಲ್ಲವಲ್ಲ ಎನ್ನುವುದೇ ಅವನಿಗೆ ದೊಡ್ಡ ಸಮಾಧಾನ. ಕೈ ಮುರಿದಾಗ ಮನೆಯಲ್ಲಿ ಎದ್ದಿದ್ದ ಪೊಲೀಸರ ಹತ್ತಿರ ಹೋಗುವ ಮಾತು ಅಲ್ಲಿಗೆ ನಿಂತಿತು. ಪಾದರಸದ ಮೇಲೆ ಯಾರು ಕೇಸು ಹಾಕುತ್ತಾರೆ?

ದಿನಗಳು ಹೋದವು. ನನ್ನ ಒಸಡು ಸರಿಯಾಯಿತು, ಬಾಯಿಗೆ ಉಪ್ಪುಹುಳಿ ತಿಳಿಯತೊಡಗಿತು. ನಿದ್ದೆ ಬಂತು. ನಡುಕ ಕಡಿಮೆಯಾಗುತ್ತ ಬಂದು ಒಂದು ದಿನ ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸಿದೆ. ಗಂಡ ವಾರಕ್ಕೊಮ್ಮೆ ಫೋನು ಮಾಡಿ ತನ್ನದೂ ಕಡಿಮೆಯಾಗುತ್ತಿದೆ ಎನ್ನುತ್ತಿದ್ದ. ಅಂಚು ಸರಿ ಬರುತ್ತಿದೆ, ಸಾವಕಾರ ಮತ್ತೆ ನೂಲು ಕೊಡುತ್ತಿದ್ದಾನೆ ಎನ್ನುತ್ತಿದ್ದ. ಕೈ ಹೇಗಿದೆ ಎಂದು ಮಾತ್ರ ಕೇಳುತ್ತಿರಲಿಲ್ಲ. ಕೇಳಲು ನಾಚಿಕೆಯಿರಬೇಕು ಎಂದು ನಾನೇ ಅವನ ಪರವಾಗಿ ಅಂದುಕೊಳ್ಳುತ್ತಿದ್ದೆ.

ಎಲುಬು ಕೂಡಿದಮೇಲೆ ಮೊದಲ ಸಲ ಅವ್ವನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಹೋದೆ. ಎಡಗೈ ತಿರುಗುತ್ತಿರಲಿಲ್ಲ. ರೊಟ್ಟಿ ದುಂಡಗಾಗುವ ಬದಲು ಒಂದು ಕಡೆಗೆ ಎಳೆದುಕೊಂಡು ಹೋಯಿತು. ಹಂಚಿನ ಹಬೆ ಮುಖಕ್ಕೆ ಬಡಿದಾಗ ಡಾಕ್ಟರಮ್ಮನ ಮಾತು ನೆನಪಾಯಿತು. ನನಗೇ ಹೆಚ್ಚು. ಮೈ ಉರಿಯಿತು. ಹಾಗಾದರೆ ನಾನು ಯಾರನ್ನು ಹೊಡೆದೆ? ಅತ್ತೆಯನ್ನೇ? ಅವಳೂ ತಿಂದಿದ್ದಳು, ಅವಳು ಯಾರನ್ನು ಹೊಡೆದಳು? ಅದಕ್ಕಿಂತ ಹೊಟ್ಟೆ ಉರಿದದ್ದು ನರಗುಂದದ ಪಂಕ್ತಿ ನೆನಪಾಗಿ. ಮಂದಿಯ ಮುಂದೆ ತನ್ನ ಮಾನ ಕಳೆದ ಸಾವಕಾರನಿಗೆ ಅವನು ಎರಡೂ ಕೈ ಜೋಡಿಸಿದ್ದ. ಅದೇ ಕೈ, ಅದೇ ದಿನ, ಅದೇ ಪಾದರಸ. ತಾಯಿಯ ಮೇಲೆ ಅವನ ಕೈ ಒಮ್ಮೆಯೂ ಏಳಲಿಲ್ಲ. ಯಾರಿಗೆ ಬಾಗಬೇಕು, ಯಾರನ್ನು ಬಡಿಯಬೇಕು ಎನ್ನುವುದು ಅಷ್ಟು ಚೆನ್ನಾಗಿ ಗೊತ್ತಿದ್ದದ್ದು ಪಾದರಸಕ್ಕೋ, ಅವನಿಗೋ? ಆ ರೊಟ್ಟಿ ಹಂಚಿನ ಮೇಲೆ ಕರಿಕಾಗಿ ಹೋಯಿತು. ಅವ್ವನಿಗೆ ಹೇಳಿದೆ. ಅವಳು, ಈಗ ಅದನ್ನೆಲ್ಲ ಕೆದಕಬೇಡ, ಪಾಪ, ಸುಧಾರಿಸುತ್ತಿದ್ದಾನೆ ಎಂದಳು.

ಮುಂದಿನ ಬೇಸಿಗೆಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಮೂವರೂ ಮತ್ತೆ ರಕ್ತ ಕೊಟ್ಟೆವು. ಎಲ್ಲರದೂ ಸಾಮಾನ್ಯ ಜನರಿಗೆ ಇರುವಷ್ಟಕ್ಕೆ ಇಳಿದಿತ್ತು. ಕೈ ಚಾಚಿಸಿ ನೋಡಿದಾಗ ಯಾರ ಬೆರಳೂ ನಡುಗಲಿಲ್ಲ. ಡಾಕ್ಟರಮ್ಮ ಇನ್ನು ಬರಬೇಕಾಗಿಲ್ಲ ಎಂದರು. ವಾರದೊಳಗೆ ಅತ್ತೆ, ಗಂಡ, ರೋಣದ ಮಾವ ಮೂವರೂ ಒಂದು ಗಾಡಿ ಮಾಡಿಕೊಂಡು ನರೇಗಲ್ಲಿಗೆ ನನ್ನನ್ನು ಕರೆಯಲು ಬಂದರು. ಉಡಿ ತುಂಬುವ ಸಾಮಾನು ತಂದಿದ್ದರು. ಅವನೇ ನೇಯ್ದ ಹೊಸ ಸೀರೆ ಇತ್ತು, ಅಂಚು ಗೆರೆ ಎಳೆದ ಹಾಗೆ ನೇರ. ಅವ್ವ ಚಹಕ್ಕೆ ಇಟ್ಟಳು. ಅಪ್ಪ ಅಂಗಡಿ ಮುಚ್ಚಿ ಬಂದ. ಮಾವ ಪಂಚಾಂಗ ನೋಡಿಕೊಂಡೇ ಬಂದಿದ್ದೇನೆ, ಹೊತ್ತು ಮೀರುವುದರೊಳಗೆ ಹೊರಡಬೇಕು ಎಂದು ಗದ್ದಲ ಹಾಕುತ್ತಿದ್ದ.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹೋಗುವುದಿಲ್ಲ ಎಂದು ತೀರ್ಮಾನ ಮಾಡಿದ್ದೆನೇ? ಇಲ್ಲ. ಸೀರೆಯ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿಯೂ ನೋಡಿದ್ದೆ. ಒಂದೇ ಒಂದು ಮಾತು ಗಂಡನ ಬಾಯಿಂದ ಕೇಳಬೇಕಿತ್ತು, ಕೇಳಿದ್ದರೆ ಅವತ್ತೇ ಗಾಡಿ ಹತ್ತುತ್ತಿದ್ದೆ. "ಪಾದರಸ ಹೊಡೀತು ಅನಬ್ಯಾಡ. ನಾ ಹೊಡದೆ ಅನ್ನು. ಇವರ ಮುಂದ ಒಮ್ಮೆ ಅನ್ನು, ಈಗ ಚೀಲ ತುಂಬಕೊಂಡ ಬರತೀನಿ" ಎಂದೆ.

ಮಾವ ನಕ್ಕ. ಇದೇನು ಸಾಲಿಯ ಮಗುವೇ, ಕಿವಿ ಹಿಡಿಸಿ ಹೇಳಿಸಲು ಎಂದ. ಗಂಡ ನೆಲ ನೋಡುತ್ತ, ಡಾಕ್ಟರೇ ಹೇಳಿದ್ದಾರಲ್ಲ, ಮತ್ತೆ ನನ್ನನ್ನೇಕೆ ಕೇಳುತ್ತೀ ಎಂದ. ನಾನು ಹತ್ತಿರ ಹೋಗಿ ಸೆರಗು ಸರಿಸಿ ಎಡಗೈ ಅವನ ಮುಂದೆ ಹಿಡಿದೆ. ಸೊಟ್ಟ ಕೂಡಿದ ಎಲುಬು ಚರ್ಮದ ಕೆಳಗೆ ಗಂಟಾಗಿ ಕಾಣುತ್ತಿತ್ತು. ನರಗುಂದದಲ್ಲಿ ಸಾವಕಾರ ಬೈದಾಗ ಪಾದರಸ ಎಲ್ಲಿಗೆ ಹೋಗಿತ್ತು ಎಂದು ಕೇಳಿದೆ.

ಸಾವಕಾರನ ಹೆಸರು ಬಂದದ್ದೇ ತಡ, ಎದ್ದ. ಚಹದ ತಾಟು ಹಾರಿತು, ಬಿಸಿ ಚಹ ಅವ್ವನ ಕಾಲ ಮೇಲೆ ಬಿತ್ತು. ಬಲಗೈ ಬೀಸಿ ಕಿವಿಯ ಮೇಲೆ ಹೊಡೆದ. ನಾನು ಬಾಗಿಲ ಚೌಕಟ್ಟಿಗೆ ಬಡಿದುಕೊಂಡು ಕೆಳಗೆ ಬಿದ್ದೆ, ಬಿದ್ದಮೇಲೆ ಪಕ್ಕೆಗೆ ಒದ್ದ. ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು, ತುಟಿ ಒಡೆದು ಬಾಯಿಯ ತುಂಬ ರಕ್ತ. ಹಳೆಯ ತಾಮ್ರದ ತಂಬಿಗೆಯ ರುಚಿಯಲ್ಲ, ರಕ್ತದ ರುಚಿ ರಕ್ತದ್ದೇ ಆಗಿತ್ತು.

ಆಮೇಲೆ ಅತ್ತೆಯ ಧ್ವನಿ ಕೇಳಿತು.

"ಇನ್ನೂ ಒಂದೀಟ ಉಳದಿರಬೇಕು ಒಳಗ."

ಮಾವ ಅದನ್ನು ಕೂಡಲೇ ಹಿಡಿದುಕೊಂಡ. ಹೌದು, ಮೆದುಳಿನದು ನಿಧಾನ ಎಂದು ಡಾಕ್ಟರೇ ಹೇಳಿಲ್ಲವೇ, ಅವಸರ ಮಾಡಿದ್ದು ನಮ್ಮ ತಪ್ಪು, ಇನ್ನೊಂದು ಆರು ತಿಂಗಳು ಇಲ್ಲೇ ಇರಲಿ, ದೀಪಾವಳಿ ಮುಗಿಸಿಕೊಂಡು ಬರುತ್ತೇವೆ ಎಂದ. ಆರು ತಿಂಗಳಾದಮೇಲೆ ಇನ್ನಾರು ತಿಂಗಳು ಹೇಳುತ್ತಿದ್ದ. ನಾನು ಮುದುಕಿಯಾಗಿ ಸಾಯುವ ತನಕ ಗಂಡನ ಮೈಯಲ್ಲಿ ಒಂದಿಷ್ಟು ಪಾದರಸ ಉಳಿಸಿಡುತ್ತಿದ್ದ.

ಅಪ್ಪ ಎದ್ದು ನಿಂತಿದ್ದ. ಷಟರ್ ಇಳಿಸಿ ಕೂಡುವ ನಮ್ಮಪ್ಪ. ದನಿ ಏರಿಸಲಿಲ್ಲ. "ನನ್ನ ಮಗಳ ಮೈಯಾಗ ಇವಂದಕ್ಕಿಂತ ಹೆಚ್ಚಿತ್ತಲ್ರಿ. ಆಕಿ ಯಾರ ಕೈ ಮುರದಾಳ, ಹೇಳ್ರಿ" ಎಂದ. ಅಪ್ಪ ಉಡಿಯ ಸಾಮಾನು, ಸೀರೆ ಎಲ್ಲ ಕೂಡಿಸಿ ಅತ್ತೆಯ ಕೈಗೆ ಕೊಟ್ಟು, ಗಾಡಿ ನಿಂತಿದೆ, ನಡೆಯಿರಿ ಎಂದ. ಆಮೇಲೆ ನನ್ನನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದವನೂ ಅವನೇ. ಈಗ ನಾನು ಇಲ್ಲೇ ಇದ್ದೇನೆ, ಅಪ್ಪನ ಅಂಗಡಿಯ ಪಕ್ಕ ಹೊಲಿಗೆ ಮಷಿನ್ನು ಹಾಕಿಕೊಂಡು.

ಆದರೆ ಅವರು ಹೊರಡುವ ಮುಂಚೆ ಇನ್ನೊಂದು ನಡೆಯಿತು. ಅಪ್ಪ ಮಾತಾಡುತ್ತಿರುವಾಗ ನಾನು ನೆಲದಿಂದ ಎದ್ದಿದ್ದೆ. ಖಾರ ಕುಟ್ಟುವ ಕಬ್ಬಿಣದ ಹಾರೆ ಅಡಿಗೆಮನೆಯ ಮೂಲೆಯಲ್ಲಿತ್ತು, ಯಾವಾಗ ಕೈಗೆ ತೆಗೆದುಕೊಂಡೆನೋ ಗೊತ್ತಿಲ್ಲ. ಗಂಡ ಬಾಗಿಲ ಕಡೆಗೆ ತಿರುಗಿ ಚಪ್ಪಲಿ ಹುಡುಕುತ್ತ ಬಗ್ಗಿದ್ದ. ಅವನ ತಲೆಯ ಹಿಂಭಾಗ ನನ್ನಿಂದ ಎರಡು ಮೊಳ ದೂರ. ಹಾರೆ ಹಗುರಾಗಿತ್ತು. ಅವನ ತಲೆ ಒಡೆಯಬೇಕೆನಿಸಿತು, ಒಂದೇ ಏಟಿಗೆ, ಮೇಲೇಳದಂತೆ. ಹಾಗೆ ಅನಿಸಿದ್ದು ನನಗೇ. ನನ್ನ ರಕ್ತದಲ್ಲೂ ಪಾದರಸ ಇರಲಿಲ್ಲ, ಆ ವಾರವೇ ನೋಡಿಸಿದ್ದೆ. ಒಡೆಯಲಿಲ್ಲ. ಅದೂ ನಾನೇ.